ಮಿಡಿ ನಿಲ್ದಾಣದ ಬಳಿಯ ಓಣಿಯಲ್ಲಿ ಹುಳಿ ಬಿಯರ್

ಬ್ರಸೆಲ್ಸ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಗ್ರಾಂಡ್ ಪ್ಲಾಸ್ ಚೌಕದ ಸುತ್ತಮುತ್ತಲಿನ ಬಾರ್‌ಗಳಲ್ಲೇ ಬಿಯರ್ ಕುಡಿದು ಮರಳುತ್ತಾರೆ. ಆಂಡರ್ಲೆಕ್ಟ್ ಭಾಗದಲ್ಲಿರುವ ಕಾಂಟಿಯೋನ್ ಬ್ರೂವರಿಯ ಕುಡಿಯುವ ಕೋಣೆಗೆ ಹೋಗುವವರು ಮಾತ್ರ ಅದನ್ನೇ ಹುಡುಕಿಕೊಂಡು ಹೋಗಬೇಕು. ಮಿಡಿ ರೈಲು ನಿಲ್ದಾಣದಿಂದ ನಡೆದೇ ತಲುಪಬಹುದಾದರೂ, ಹಳೆಯ ಗೋದಾಮಿನಂತಿರುವ ಆ ಕಟ್ಟಡವನ್ನು ನಾನು ಮೊದಲ ಸಲ ಗಮನಿಸದೆ ದಾಟಿ ಹೋಗಿ, ಓಣಿಯ ತುದಿಯಿಂದ ಹಿಂದಿರುಗಿ ಬರಬೇಕಾಯಿತು. ಒಳಗೆ ಕಾಲಿಟ್ಟೊಡನೆ ತೇವಗೊಂಡ ಮರ ಮತ್ತು ಹುಳಿ ಬೆರೆತ ವಾಸನೆ ಮೂಗಿಗೆ ಬಡಿದಾಗ ಸರಿಯಾದ ಜಾಗಕ್ಕೇ ಬಂದಿದ್ದೇನೆಂದು ಖಾತ್ರಿಯಾಯಿತು.

1900ರಲ್ಲಿ ಪಾಲ್ ಕಾಂಟಿಯೋನ್ ದಂಪತಿ ಆರಂಭಿಸಿದ ಈ ಬ್ರೂವರಿ ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. 1978ರಿಂದ ಇದು ವಸ್ತುಸಂಗ್ರಹಾಲಯವೂ ಹೌದು; ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ವಸ್ತುಗಳು ಇಲ್ಲಿ ಮುಖ್ಯವಲ್ಲ, ನೋಡಲು ಸಿಗುವ ಹಳೆಯ ಯಂತ್ರಗಳಲ್ಲೇ ಬಿಯರ್ ತಯಾರಾಗುತ್ತದೆ. ಕುಡಿಯುವ ಮೊದಲು ಮೇಲಿನ ಅಟ್ಟವನ್ನು ತಪ್ಪದೆ ನೋಡಬೇಕು. ಮಾಲ್ಟ್ ಮಾಡಿದ, ಅಂದರೆ ಮೊಳಕೆ ಬರಿಸಿ ಒಣಗಿಸಿದ, ಬಾರ್ಲಿಯ ಜೊತೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮೊಳಕೆ ಬರಿಸದ ಗೋಧಿಯನ್ನು ಸೇರಿಸಿ, ಹಳತಾಗಿ ಕಹಿ ಕಳೆದುಕೊಂಡ ಹಾಪ್ಸ್ ಹೂಗಳನ್ನು ಹಾಕಿ ಕುದಿಸಿದ ರಸವನ್ನು ಅಲ್ಲಿನ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಯಲ್ಲಿ ಒಂದು ರಾತ್ರಿ ತೆರೆದಿಡುತ್ತಾರೆ. ಯೀಸ್ಟ್ ಅನ್ನು ಯಾರೂ ಬೆರೆಸುವುದಿಲ್ಲ. ಗಾಳಿಯಲ್ಲಿ ಮತ್ತು ಕಟ್ಟಡದಲ್ಲಿ ಇರುವ ಸೂಕ್ಷ್ಮಜೀವಿಗಳೇ ಹುದುಗಿಸುವ ಕೆಲಸವನ್ನು ವಹಿಸಿಕೊಳ್ಳುತ್ತವೆ. ನಮ್ಮ ಇಡ್ಲಿ ಹಿಟ್ಟೂ ಹಾಗೆಯೇ ಉಬ್ಬುತ್ತದೆಯಲ್ಲ ಎಂದು ಅನ್ನಿಸಬಹುದು, ಆದರೆ ಹಿಟ್ಟಿಗೆ ಸೆಕೆ ಬೇಕು, ಈ ರಸಕ್ಕೆ ಚಳಿ ಬೇಕು. ಬೇಸಿಗೆಯ ಗಾಳಿಯಲ್ಲಿ ಕೆಡಿಸುವ ಬ್ಯಾಕ್ಟೀರಿಯಾ ಹೆಚ್ಚಿರುವುದರಿಂದ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಮಾತ್ರ ಇಲ್ಲಿ ಬಿಯರ್ ಕುದಿಯುತ್ತದೆ. ರಸ ಹುದುಗಿ ಮಾಗುವ ಮರದ ಪೀಪಾಯಿಗಳ ನಡುವೆ ಜೇಡರ ಬಲೆಗಳನ್ನು ಕಂಡು ಅಸಹ್ಯಪಡಬೇಡಿ. ಹಣ್ಣಿನ ವಾಸನೆಗೆ ಬರುವ ಹುಳುಗಳನ್ನು ಜೇಡ ತಿನ್ನುತ್ತದೆಂಬ ಕಾರಣಕ್ಕೆ ಅವುಗಳನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ.

ಹೀಗೆ ಯೀಸ್ಟ್ ಬೆರೆಸದೆ ತಾನಾಗಿಯೇ ಹುದುಗುವ ಬಿಯರಿಗೆ ಲ್ಯಾಂಬಿಕ್ ಎಂದು ಹೆಸರು. ಕೆಳಗೆ ಬಂದು ಮೊದಲು ಸವಿದದ್ದು ಮಿಶ್ರಣ ಮಾಡದ ಲ್ಯಾಂಬಿಕ್. ಅದರಲ್ಲಿ ನೊರೆಯಿಲ್ಲ, ಗುಳ್ಳೆಯಿಲ್ಲ. ಬಿಯರ್ ಎಂದರೆ ತಣ್ಣಗೆ ನೊರೆಯುಕ್ಕುವ ಪಾನೀಯವೆಂದು ತಿಳಿದ ನಾಲಿಗೆಗೆ ಅದು ಮೊದಲಿಗೆ ಕೆಟ್ಟುಹೋದ ಬಿಯರಿನಂತೆಯೇ ತೋರುತ್ತದೆ. ನನಗಂತೂ ಮೂರನೆಯ ಗುಟುಕಿನವರೆಗೆ ಹಾಗೆಯೇ ಅನ್ನಿಸಿತು. ಅನಂತರ ಹುಳಿಯ ಹಿಂದೆ ಅಡಗಿದ್ದ ಒಣ ಹುಲ್ಲು, ಹಸಿರು ಸೇಬು, ಹಳೆಯ ಮರ ಒಂದೊಂದಾಗಿ ಬಿಚ್ಚಿಕೊಂಡವು. ಒಂದು, ಎರಡು ಮತ್ತು ಮೂರು ವರ್ಷ ಮಾಗಿದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದಾಗ, ಎಳೆಯದರಲ್ಲಿ ಉಳಿದಿರುವ ಸಕ್ಕರೆ ಮತ್ತೆ ಹುದುಗಿ ಗುಳ್ಳೆ ಹುಟ್ಟಿಸುತ್ತದೆ. ಅದೇ ಗೂಜ್. ತಳದ ಮಡ್ಡಿ ಕದಡದಂತೆ ಬಾಟಲಿಯನ್ನು ಬುಟ್ಟಿಯಲ್ಲಿ ಓರೆಯಾಗಿ ಮಲಗಿಸಿಟ್ಟು ಬಗ್ಗಿಸುವ ಕ್ರಮವೇ ನೋಡಲು ಸೊಗಸು. ಕೆನ್ನೆ ಸೆಳೆಯುವಷ್ಟು ಹುಳಿಯಾಗಿದ್ದರೂ ಅದರ ಕೊನೆಯ ರುಚಿ ಸ್ವಚ್ಛವಾಗಿ, ಒಣದಾಗಿ ನಿಲ್ಲುತ್ತದೆ. ಇಲ್ಲಿ ಒಂದೇ ಲೋಟ ಕುಡಿಯುವ ಸಮಯವಿದ್ದರೆ ನಾನು ಇದನ್ನೇ ಆರಿಸುವೆ.

ಹುಳಿ ಚೆರ್ರಿ ಹಾಕಿದ ಕ್ರೀಕ್ ಬಣ್ಣದಲ್ಲಿ ಚೆಲುವಾದದ್ದು, ಆದರೆ ಹಣ್ಣಿನ ಹೆಸರು ಕೇಳಿ ಸಿಹಿಯನ್ನು ನಿರೀಕ್ಷಿಸಿದವರಿಗೆ ನಿರಾಸೆ ಖಂಡಿತ, ಏಕೆಂದರೆ ಹಣ್ಣಿನ ಸಕ್ಕರೆಯೂ ಹುದುಗಿ ಮುಗಿದಿರುತ್ತದೆ. ರಾಸ್ಪ್‌ಬೆರಿಯ ಬಗೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅದರ ಪರಿಮಳ ಕೊಟ್ಟ ಭರವಸೆಯನ್ನು ರುಚಿ ಪೂರೈಸಲಿಲ್ಲ.

ಮೆತ್ತನೆಯ ಆಸನ, ಸಂಗೀತ, ರಾತ್ರಿಯವರೆಗಿನ ಹರಟೆ ಬೇಕಿದ್ದವರಿಗೆ ಇದು ತಕ್ಕ ಜಾಗವಲ್ಲ. ಪೀಪಾಯಿಗಳೇ ಮೇಜುಗಳಾಗಿರುವ, ಚಳಿಗಾಲದಲ್ಲಿ ಥಂಡಿ ಹಿಡಿಯುವ ಕೋಣೆ ಇದು. ದಪ್ಪ ಕೋಟು ಹಾಕಿಕೊಂಡೇ ಹೋಗಬೇಕು. ಸಂಜೆಯ ಬಾರ್‌ನ ಲೆಕ್ಕದಲ್ಲಿ ತಡವಾಗಿ ಹೊರಡದೆ, ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹಗಲಿನಲ್ಲೇ ಹೋಗುವುದು ಒಳಿತು. ಮರಳುವಾಗ ಒಂದು ಬಾಟಲಿ ಗೂಜ್ ಕೊಂಡುಕೊಂಡೆ. ಬಿರಡೆ ಒಣಗದಂತೆ ಅದನ್ನು ಕತ್ತಲಲ್ಲಿ ಅಡ್ಡ ಮಲಗಿಸಿಟ್ಟರೆ ವರ್ಷಗಟ್ಟಲೆ ಮಾಗುತ್ತಲೇ ಇರುತ್ತದಂತೆ. ನನ್ನದು ಎರಡು ವಾರವೂ ಉಳಿಯಲಿಲ್ಲ.