ಹೈಸ್ಕೂಲ್ ಮಕ್ಕಳಿಗೆ ಕೊಡಿಸಿ: ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’

ಮನೆಯಲ್ಲಿ ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳಿದ್ದರೆ ಈ ಪುಸ್ತಕ ತಗೊಳ್ಳಿ. ಇನ್ನೂರು ಪುಟದ ಆಸುಪಾಸು ಇದೆ, ಇಂಗ್ಲಿಷ್ ಸರಳ. ಕನ್ನಡ ಮೀಡಿಯಂ ಮಕ್ಕಳೂ ಸ್ವಲ್ಪ ತಾಳ್ಮೆ ಇಟ್ಟರೆ ಓದಬಹುದು.

ನಾನು ತರಿಸಿದ್ದು ತಂಗಿ ಮಗಳಿಗೆ. ಇಲ್ಲೇ ಬೆಳಗಾವಿಯಲ್ಲಿ ಒಂಬತ್ತನೇ ಕ್ಲಾಸು. ಪ್ರತಿ ಅಷ್ಟೇನೂ ಚೆನ್ನಾಗಿಲ್ಲ. ಅಕ್ಷರ ಸಣ್ಣದು, ಬೈಂಡಿಂಗ್ ಬರೀ ಅಂಟಿನದು, ಜಾಸ್ತಿ ಅಗಲಿಸಿದರೆ ಹಾಳೆ ಬಿಡುತ್ತದೆ. ಅದಕ್ಕಿಂತ ಬೇಜಾರಾದದ್ದು ಬೇರೆ. ಬರೆದವರ ಬಗ್ಗೆ ಹಿಂದಿನ ರಟ್ಟಿನ ಮೇಲೆ ನಾಲ್ಕೇ ಸಾಲು! ಅವರ ಬದುಕು ಗೊತ್ತಾದರೆ ಮಕ್ಕಳು ಈ ಕಥೆ ಓದುವ ರೀತಿಯೇ ಬದಲಾಗುತ್ತದೆ, ಹಾಗಾಗಿ ಅದನ್ನ ನಾನೇ ಬರೆಯುತ್ತೇನೆ.

ಸೂಸನ್ ಎಲೋಯಿಸ್ ಹಿಂಟನ್ ಹುಟ್ಟಿದ್ದು 1948ರಲ್ಲಿ, ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ. ಇದನ್ನು ಶುರು ಮಾಡಿದಾಗ ಅವರಿಗೆ ಹದಿನೈದು. ಹರೆಯದವರಿಗೆ ಅಂತ ಆಗ ಸಿಗುತ್ತಿದ್ದ ಕಥೆಗಳಲ್ಲಿ ಅವರು ದಿನಾ ಶಾಲೆಯಲ್ಲಿ ನೋಡುತ್ತಿದ್ದ ಹುಡುಗರೇ ಇರಲಿಲ್ಲ. ಗೆಳೆಯನೊಬ್ಬನನ್ನು ದಾರಿಯಲ್ಲಿ ಹಿಡಿದು ಹೊಡೆದಿದ್ದರು, ಆ ಸಿಟ್ಟೂ ಇತ್ತು. ಬರೆಯುತ್ತಿದ್ದ ಹೊತ್ತಿಗೇ ತಂದೆ ಕಾಯಿಲೆಯಿಂದ ತೀರಿಕೊಂಡರು. ಅದೇ ವರ್ಷ ಶಾಲೆಯಲ್ಲಿ ಕಥೆ ಬರೆಯುವ ವಿಷಯಕ್ಕೆ ಅವರಿಗೆ ಬಂದ ಗ್ರೇಡು ‘ಡಿ’. ಮಾರ್ಕ್ಸ್ ಕಾರ್ಡ್ ಹಿಡಿದು ಮಕ್ಕಳನ್ನು ಅಳೆಯುವ ನಾವು ಇದನ್ನು ಓದಬೇಕು.

ಪುಸ್ತಕ 1967ರಲ್ಲಿ ಬಂತು, ಅವರಿಗೆ ಹದಿನೆಂಟು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಿದ್ದಾಳೆ ಅಂದರೆ ವಿಮರ್ಶಕರು ತೆಗೆದುಹಾಕಬಹುದು ಅಂತ ಪ್ರಕಾಶಕರು ಹೆಸರಿನ ಬದಲು ಇನಿಷಿಯಲ್ ಹಾಕಿಸಿದರು. ಆಮೇಲೆ ಖ್ಯಾತಿ ಬಂತು, ಬರವಣಿಗೆ ನಿಂತಿತು. ವರ್ಷಗಟ್ಟಲೆ ಏನೂ ಬರೆಯಲಾಗಲಿಲ್ಲ. ಮುಂದೆ ಅವರನ್ನೇ ಮದುವೆಯಾದ ಗೆಳೆಯ, ದಿನಕ್ಕೆ ಎರಡು ಪುಟ ಬರೆಯದಿದ್ದರೆ ಸಂಜೆ ಹೊರಗೆ ಹೋಗುವಂತಿಲ್ಲ ಅಂತ ಹಟ ಹಿಡಿದ. ಹಾಗೆ ದಿನಾ ಎರಡೆರಡು ಪುಟ ಸೇರಿ 1971ರಲ್ಲಿ ಎರಡನೇ ಕಾದಂಬರಿ ಆಯಿತು. ನನಗೆ ಅವರ ಬದುಕಿನಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಹದಿನೈದರಲ್ಲಿ ಬರೆದದ್ದಕ್ಕಿಂತ, ನಿಂತುಹೋದ ಮೇಲೆ ಮತ್ತೆ ಕೂತು ಬರೆದದ್ದು ದೊಡ್ಡದು.

ಮಕ್ಕಳಿಗೆ ಇದು ಎಷ್ಟು ಹಿಡಿಸಿತು ಅಂದರೆ, ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಲೈಬ್ರೇರಿಯನ್ ಮತ್ತು ವಿದ್ಯಾರ್ಥಿಗಳು ಇದನ್ನು ಸಿನಿಮಾ ಮಾಡಿ ಅಂತ ಹಾಲಿವುಡ್ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾಗೆ ಪತ್ರ ಬರೆದರು. ಅವರು 1983ರಲ್ಲಿ ಮಾಡಿಯೇಬಿಟ್ಟರು!

ಕಥೆ ಹೇಳುವವನು ಹದಿನಾಲ್ಕರ ಪೋನಿಬಾಯ್. ಅಪ್ಪ ಅಮ್ಮ ಇಲ್ಲ, ಇಬ್ಬರು ಅಣ್ಣಂದಿರೇ ಸಾಕುತ್ತಾರೆ. ಊರಿನ ಒಂದು ಕಡೆ ಬಡವರ ಹುಡುಗರು, ಇನ್ನೊಂದು ಕಡೆ ಕಾರಿದ್ದವರ ಮಕ್ಕಳು. ನಮ್ಮ ಬೆಳಗಾವಿಯಲ್ಲೂ ಶಹಾಪುರ, ವಡಗಾವಿಯ ಮಗ್ಗದ ಓಣಿಯ ಹುಡುಗ ತಿಲಕವಾಡಿಯ ಕಾಲೇಜಿಗೆ ಹೋದಾಗ, ಯಾವ ಓಣಿ ಅಂತ ಕೇಳಿದ ಮೇಲೆ ಕೆಲವರ ಮಾತಿನ ಧಾಟಿ ಬದಲಾಗುತ್ತದೆ, ಅಲ್ವಾ? ಅದನ್ನು ಅನುಭವಿಸಿದ ಹುಡುಗನಿಗೆ ಟಲ್ಸಾ ದೂರದ ಊರು ಅನ್ನಿಸುವುದಿಲ್ಲ.

ಕೊರತೆಗಳೂ ಇವೆ. ಕೆಲವು ಕಡೆ ಭಾವುಕತೆ ಜಾಸ್ತಿ, ದೊಡ್ಡವರ ಪಾತ್ರಗಳು ತೆಳು. ತಂಗಿ ಮಗಳಂತೂ ನೇರವಾಗಿ, “ಮಾಮಾ, ಬರದಾಕಿ ಹುಡುಗಿ, ಆದ್ರ ಕಥಿಯೊಳಗ ಹುಡುಗ್ಯಾರು ಇಷ್ಟ ಕಡಿಮಿ ಯಾಕ?” ಅಂದಳು. ನ್ಯಾಯವಾದ ಪ್ರಶ್ನೆ. ಚಾಕು, ಸಾವು, ಸಿಗರೇಟು ಎಲ್ಲ ಇದೆ, ಆದ್ದರಿಂದ ಹನ್ನೆರಡು ದಾಟದ ಮಕ್ಕಳಿಗೆ ಬೇಡ. ದೊಡ್ಡ ಮಕ್ಕಳಿಗೆ ಕೊಡುವುದಾದರೆ ನೀವೂ ಒಮ್ಮೆ ಓದಿ, ಅವರು ಆ ಸಾವುಗಳ ಬಗ್ಗೆ ಮಾತಾಡಲು ಬರುತ್ತಾರೆ.

ಇದು ಇಷ್ಟವಾದರೆ ಅವರದೇ ‘ರಂಬಲ್ ಫಿಶ್’ ಇದೆ, 1975ರದ್ದು. ಅದು ಇನ್ನೂ ಕತ್ತಲೆಯ ಕಥೆ, ಪಿಯುಸಿಗೆ ಬಂದ ಮೇಲೆ ಕೊಡಿಸಿ.