ಡ್ರಾ ಐಓ, ಸ್ಟಾರ್‌ಯುಎಂಎಲ್, ಪ್ಲಾಂಟ್‌ಯುಎಂಎಲ್, ಇಲ್ಲಾ ಬರೇ ಕಾರ್ಡು? ಓಓಡಿ ಕಲೀಲಿಕ್ಕ ಯಾವ್ದು ಚಲೋ

ಪ್ರತಿ ಸೆಮ್ ಜೂನಿಯರ್‌ಗೋಳು ಕೇಳೋದು ಒಂದೇ, ಅಣ್ಣಾ ಓಓಡಿ (ಆಬ್ಜೆಕ್ಟ್ ಓರಿಯೆಂಟೆಡ್ ಡಿಸೈನ್, ಅಂದ್ರ ಪ್ರೋಗ್ರಾಮಿನ ಕೆಲಸ ಭಾಗ ಭಾಗ ಹಂಚಿ ಯೋಜಿಸೋದು) ಲ್ಯಾಬಿಗೆ ಯುಎಂಎಲ್ (ಆ ಡಿಸೈನ್ ಚಿತ್ರದಾಗ ತೋರ್ಸೋ ಸ್ಟ್ಯಾಂಡರ್ಡ್ ಪದ್ಧತಿ) ಡಯಾಗ್ರಾಮ್ ಯಾವುದರಾಗ ಹಾಕ್ಲಿ ಅಂತ. ಕಲಬುರಗಿದಾಗ ಬಿಇ ಓದೋವಾಗ ನಾ ನಾಲ್ಕೂ ಬಳಸೀನಿ, ನಾಲ್ಕರಾಗೂ ಒಂದೇ ಸಿಸ್ಟಮ್ ಹಾಕಿ ನೋಡೀನಿ, ನಮ್ಮ ತೊಗರಿ ಮಾರ್ಕೆಟಿಂದು. ರೈತ ಎಪಿಎಂಸಿಗೆ ಮಾಲು ತರ್ತಾನ, ಅಡತ್ (ಕಮಿಷನ್ ಏಜೆಂಟ್) ಅಂಗಡಿದಾಗ ಲಾಟ್ ಆಗ್ತದ, ಟೆಂಡರ್ ಬೀಳ್ತದ, ತೂಕ ಆಗ್ತದ, ಪಟ್ಟಿ (ಬಿಲ್) ಕೈಗೆ ಬರ್ತದ. ಲೈಬ್ರರಿ, ಎಟಿಎಂ ಇವೆಲ್ಲಾ ನೆಟ್‌ನ್ಯಾಗ ರೆಡಿ ಸಿಗ್ತಾವ, ತೊಗರಿ ಲಾಟಿಂದು ಸಿಗಂಗಿಲ್ಲ, ಹಂಗಾಗಿ ತಲಿ ಓಡಿಸಲೇಬೇಕು.

ಡ್ರಾ ಐಓ ಪೂರಾ ಫ್ರೀ, ಡೆಸ್ಕ್‌ಟಾಪ್ ವರ್ಶನ್ ಇಳಿಸ್ಕೊಂಡ್ರ ಬ್ಯಾಸಿಗ್ಯಾಗ ಕರೆಂಟ್ ಹೋಗಿ ವೈಫೈ ಬಂದ್ ಆದ್ರೂ ಬ್ಯಾಟರಿ ಮ್ಯಾಲ ಕೆಲಸ ನಡೀತದ. ಆದ್ರ ಅದಕ್ಕ ಕ್ಲಾಸ್ (ಮಾಹಿತಿ ಮತ್ತ ಅದರ ಕೆಲಸ ಕೂಡಿದ ಪ್ರೋಗ್ರಾಮಿನ ಒಂದು ಭಾಗ) ಅಂದ್ರೇನು ಗೊತ್ತಿಲ್ಲ, ಅದರ ಲೆಕ್ಕದಾಗ ಅದೊಂದು ಡಬ್ಬಿ ಅಷ್ಟ. ಲಾಟ್ ಅನ್ನೋ ಹೆಸರು ಬದಲಿ ಮಾಡಿದ್ರ ಎಲ್ಲಾ ಡಯಾಗ್ರಾಮ್‌ದಾಗೂ ಕೈಲೇ ಬದಲಿ ಮಾಡ್ಕೋತ ಹೋಗ್ಬೇಕು. ಪಿಪಿಟಿಗೆ ಚಂದ ಕಾಣ್ತದ, ಕಲೀಲಿಕ್ಕ ಬ್ಯಾಡ.

ಸ್ಟಾರ್‌ಯುಎಂಎಲ್ ಹಂಗಲ್ಲ, ಚಿತ್ರದ ಹಿಂದ ಒಂದು ಮಾಡೆಲ್ ಇಟ್ಕೊಂಡಿರ್ತದ. ಹೆಸರು ಒಂದು ಕಡಿ ಬದಲಿ ಮಾಡಿದ್ರ ಎಲ್ಲಾ ಕಡಿ ಬದಲಾಗ್ತದ, ಸೀಕ್ವೆನ್ಸ್ ಡಯಾಗ್ರಾಮಿನ (ಒಬ್ಬೊಬ್ಬರಿಗೂ ಒಂದು ಉದ್ದ ಗೆರಿ, ಯಾರು ಯಾರಿಗೆ ಯಾವ ಕ್ರಮದಾಗ ಕೆಲಸ ಹೇಳ್ತಾರ ಅಂತ ಬಾಣದಿಂದ ತೋರ್ಸೋದು) ಮೆಸೇಜ್‌ನ ಕ್ಲಾಸಿನ ಆಪರೇಷನ್‌ಗೆ, ಅಂದ್ರ ಮೆಥಡ್‌ಗೆ, ಜೋಡಿಸಬಹುದು, ಹಂಗ ಜೋಡಿಸ್ಲಿಕ್ಕ ಹೋದಾಗ ನೋಡ್ರಿ ಅರೇ ಈ ಮೆಥಡ್ ಲಾಟ್‌ದಾಗ ಇಲ್ಲೇ ಇಲ್ಲಲ್ಲ ಅಂತ ಆಗೇ ಗೊತ್ತಾಗ್ತದ. ಒಂದು ಹುಷಾರ್ ಇರ್ರಿ, ಬರೇ ಡಿಲೀಟ್ ಒತ್ತಿದ್ರ ಚಿತ್ರದಿಂದ ಅಷ್ಟೇ ಹೋಗ್ತದ, ಮಾಡೆಲ್‌ದಾಗ ಕ್ಲಾಸ್ ಹಂಗೇ ಕುಂತಿರ್ತದ, ಅಲ್ಲಿಂದಾನೂ ತೆಗೀಬೇಕಂದ್ರ ಕಂಟ್ರೋಲ್ ಹಿಡದು ಡಿಲೀಟ್ ಒತ್ರಿ. ಲೈಸೆನ್ಸ್ ರೊಕ್ಕದ್ದು, ಫ್ರೀ ಟ್ರಯಲ್‌ದಾಗ ಎಕ್ಸ್‌ಪೋರ್ಟ್ ಮಾಡಿದ ಚಿತ್ರದ ಮ್ಯಾಲ ವಾಟರ್‌ಮಾರ್ಕ್ ಬೀಳ್ತದ. ಇನ್ನ ಎರಡು ಕ್ಲಾಸ್ ಜೋಡಿಸೋ ಗೆರಿಯ ತುದಿಗೆ ತುಂಬಿದ ಡೈಮಂಡ್ ಹಾಕ್ಲೋ ಖಾಲಿದು ಹಾಕ್ಲೋ ಅಂತ ಯಾವ ಟೂಲೂ ಹೇಳಂಗಿಲ್ಲ. ಲಾಟ್ ರದ್ದಾದ್ರ ಅದರ ತೂಕದ ಎಂಟ್ರಿನೂ ಹೋಗ್ತಾವ, ಅದಕ್ಕ ತುಂಬಿದ್ದು, ಅಂದ್ರ ಕಾಂಪೋಸಿಷನ್. ರೈತ ಹೋಗಂಗಿಲ್ಲ, ಅದಕ್ಕ ಬರೇ ಗೆರಿ ಸಾಕು. ಖಾಲಿ ಡೈಮಂಡಿನ ಅರ್ಥ ಯುಎಂಎಲ್ ಸ್ಪೆಸಿಫಿಕೇಶನ್ನೇ ಬಿಗಿಯಾಗಿ ಹೇಳಿಲ್ಲ, ವೈವಾದಾಗ ಅದರ ಮ್ಯಾಲ ಜಗಳ ಆಡೋದು ಸುಮ್ನ ಟೈಮ್ ವೇಸ್ಟು.

ನನಗ ಭಾಳ ಹಿಡಿಸಿದ್ದು ಪ್ಲಾಂಟ್‌ಯುಎಂಎಲ್. ಚಿತ್ರ ಬಿಡಿಸೋದೇ ಇಲ್ಲ, ಟೆಕ್ಸ್ಟ್ ಬರೀತೀರಿ, ಟೆಂಡರ್, ಡ್ಯಾಶು, ಬಾಣ, ಲಾಟ್, ಕೋಲನ್, ಮುಂದ ಮೆಸೇಜ್, ಮುಗೀತು. ಜಾವಾ ಇದ್ರ ಓಡ್ತದ, ಲ್ಯಾಬ್ ಮಷೀನ್‌ದಾಗ ಜಾವಾ ಹೆಂಗಿದ್ರೂ ಇರ್ತದ, ಕ್ಲಾಸ್ ಡಯಾಗ್ರಾಮಿಗೆ ಲಿನಕ್ಸ್‌ದಾಗ ಗ್ರಾಫ್‌ವಿಜ್ (ಡಬ್ಬಿ, ಗೆರಿ ಜೋಡಿಸಿ ಕೊಡೋ ಸಾಫ್ಟ್‌ವೇರ್) ಬ್ಯಾರೆ ಹಾಕ್ಕೋರಿ. ಎಲ್ಲಿ ಯಾವ ಡಬ್ಬಿ ಕೂಡ್ಬೇಕು ಅನ್ನೋದು ಅದೇ ನೋಡ್ಕೋತದ, ಇದಕ್ಕ ಎಲ್ಲಾರೂ ಬೈತಾರ, ನನಗ ಅದೇ ಪಾಯಿಂಟ್ ಅನಿಸ್ತದ ಯಾಕಂದ್ರ ಡ್ರಾ ಐಓದಾಗ ಕೆಟ್ಟ ಡಿಸೈನ್ನೂ ಎಳದು ಜಗ್ಗಿ ಸಾಲಾಗಿ ನಿಂದ್ರಿಸಿ ಮುಚ್ಚಬಹುದು, ಇಲ್ಲಿ ಎಲ್ಲಾ ಕ್ಲಾಸು ಎಲ್ಲಾ ಕ್ಲಾಸಿಗೂ ಜೋಡ್ಸಿದ್ರ ಗೆರಿ ಎಲ್ಲಾ ಸಿಕ್ಕು ಬಿದ್ದು ಕಪ್ಲಿಂಗ್ (ಕ್ಲಾಸುಗಳು ಒಂದರ ಮ್ಯಾಲ ಒಂದು ಎಷ್ಟು ನಿಂತಾವ ಅನ್ನೋದು) ಕಣ್ಣಿಗೇ ಹೊಡೀತದ. ನಮ್ಮ ಟೀಮಿನ ಮೊದಲ್ನೇ ಡ್ರಾಫ್ಟ್‌ದಾಗ ಮಾರ್ಕೆಟ್‌ಮ್ಯಾನೇಜರ್ ಅಂತ ಒಂದು ಕ್ಲಾಸ್ ಇತ್ತು, ಸೀಕ್ವೆನ್ಸ್ ತೆಗದು ನೋಡಿದ್ರ ಬಾಣ ಎಲ್ಲಾ ಅದೊಂದರ ಗೆರಿಯಿಂದಾನೇ ಹೊಂಟಿದ್ವು, ಉಳದ ಕ್ಲಾಸುಗಳಿಗೆ ಗೆಟ್ಟರ್ ಸೆಟ್ಟರ್ (ಒಳಗಿನ ಮಾಹಿತಿ ಬರೇ ಕೊಡೋದು, ಬದಲಿ ಮಾಡೋದು) ಬಿಟ್ರ ಕೆಲಸಾನೇ ಇಲ್ಲ! ಕಮಿಷನ್ ಲೆಕ್ಕ ಪಟ್ಟಿಗೆ ಕೊಟ್ವಿ, ಹೆಚ್ಚಿನ ರೇಟ್ ಆರಿಸೋದು ಟೆಂಡರ್‌ಗೆ ಕೊಟ್ವಿ, ಆಮ್ಯಾಲ ಮ್ಯಾನೇಜರ್ ಬೇಕೇ ಆಗ್ಲಿಲ್ಲ. ಟೆಕ್ಸ್ಟ್ ಇರೋದರಿಂದ ಗಿಟ್‌ದಾಗ (ಫೈಲಿನ ಬದಲಾವಣಿ ಲೆಕ್ಕ ಇಡೋ ಟೂಲು) ಯಾರು ಯಾವ ಗೆರಿ ಬದಲಿ ಮಾಡ್ಯಾರ ಅನ್ನೋದೂ ಕಾಣ್ತದ. ಸ್ಟಾರ್‌ಯುಎಂಎಲ್ ಫೈಲ್ ಇಬ್ಬರು ಒಂದೇ ಟೈಮಿಗೆ ಮುಟ್ಟಿದ್ರ ಮರ್ಜ್ ಮಾಡೋದು ತಲಿನೋವು.

ಕಾರ್ಡು ಅಂದ್ರ ಸಿಆರ್‌ಸಿ (ಕ್ಲಾಸ್, ರೆಸ್ಪಾನ್ಸಿಬಿಲಿಟಿ, ಕೊಲಾಬೊರೇಟರ್) ಕಾರ್ಡು. ಯುಎಂಎಲ್ ಸ್ಟ್ಯಾಂಡರ್ಡ್ ಆಗಿದ್ದೇ 1997ಕ್ಕ, ಇದನ್ನ ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್ ಅನ್ನೋ ಇಬ್ಬರು ಅಮೆರಿಕದ ಪ್ರೋಗ್ರಾಮರ್‌ಗೋಳು 1989ದಾಗೇ ತೋರ್ಸ್ಯಾರ. ಕ್ಲಾಸಿಗೊಂದು ಕಾರ್ಡು, ಎಡಕ್ಕ ಅದರ ಜವಾಬ್ದಾರಿ, ಬಲಕ್ಕ ಅದು ಯಾರ ಸಹಾಯ ತಗೋತದ ಅಂತ ಬರಿಯೋದು. ಮದುವಿ ಕಾರ್ಡಿನ ಹಿಂದಿನ ಬಿಳಿ ಭಾಗ ಕತ್ತರಿಸ್ಕೊಂಡ್ರೂ ನಡೀತದ, ನಮ್ಮ ಹಾಸ್ಟೆಲ್‌ದಾಗ ಅದೇ ನಡೀತಿತ್ತು. ಒಬ್ಬ ಟೆಂಡರ್, ಒಬ್ಬ ಲಾಟ್ ಆಗಿ ಕುಂತು ಆಡಿದ್ರ ಕೆಲಸ ಯಾರಿಗೆ ಸೇರ್ಬೇಕು ಅನ್ನೋದು ಟೂಲಿಗಿಂತ ಲಗೂ ಬಗೀಹರಿತದ, ಮ್ಯಾನೇಜರ್‌ನಂಥಾ ಕ್ಲಾಸಿನ ಕಾರ್ಡು ಮೊದಲೇ ತುಂಬಿ ಜಾಗಾ ಸಾಲಂಗಿಲ್ಲ. ಆದ್ರ ಟೀಮ್‌ದಾಗ ಮೂರು ನಾಕು ಮಂದಿ ಮನಸಿಟ್ಟು ಕುಂದರ್ಬೇಕು, ಒಬ್ಬರೇ ಆಡಿದ್ರ ಮಜಾ ಇಲ್ಲ.

ಯುಎಂಎಲ್ 2ದಾಗ 14 ನಮೂನಿ ಡಯಾಗ್ರಾಮ್ ಅವ, ಖರೆ ಡಿಸೈನ್ ಕಲಿಸೋದು ಕ್ಲಾಸ್ ಮತ್ತ ಸೀಕ್ವೆನ್ಸ್ ಎರಡೇ ಅಂತ ನನ್ನ ಮಾತು. ಅದಕ್ಕ ಮೊದ್ಲ ಕಾರ್ಡು, ಆಮ್ಯಾಲ ಪ್ಲಾಂಟ್‌ಯುಎಂಎಲ್, ಸರ್ ಕಡ್ಡಾಯ ಅಂದ್ರ ಅಷ್ಟೇ ಸ್ಟಾರ್‌ಯುಎಂಎಲ್. ರೆಕಾರ್ಡಿಗೆ ಪ್ರಿಂಟ್ ತೆಗಿಸೋವಾಗ ಪಿಎನ್‌ಜಿ ಒಯ್ಯಬ್ಯಾಡ್ರಿ, ದೊಡ್ಡ ಕ್ಲಾಸ್ ಡಯಾಗ್ರಾಮ್ ಎ4ದಾಗ ಮಸಕಾಗಿ ಬರ್ತದ, ಎಸ್‌ವಿಜಿ (ಎಷ್ಟು ದೊಡ್ಡದು ಮಾಡಿದ್ರೂ ಮಸಕಾಗದ ಚಿತ್ರದ ಫೈಲು) ತೆಗದು ಪಿಡಿಎಫ್ ಮಾಡ್ಕೊಂಡು ಹೋಗ್ರಿ, ಸೂಪರ್ ಮಾರ್ಕೆಟ್ ಕಡಿ ಝೆರಾಕ್ಸ್ ಅಂಗಡ್ಯಾಗ ಸಬ್ಮಿಷನ್ ಹಿಂದಿನ ದಿನ ಲೈನ್ ಇರ್ತದ, ಒಂದಿನ ಮೊದ್ಲೇ ಹೋಗೋದು ಚಲೋ.