ಸಾಂಬ್ರಾದಿಂದ ಹೀಥ್ರೂವರೆಗೆ: ದೂರ ಅಳೆಯುವ ಆ್ಯಪ್‌ನೊಡನೆ ನಾಲ್ಕು ವರ್ಷ

ಮಗಳು ಲಂಡನ್ನಿನಲ್ಲಿ ನೆಲೆಸಿದ ಮೇಲೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿಗೂ, ಅಲ್ಲಿಂದ ಹೀಥ್ರೂವಿಗೂ ಹೋಗಿಬರುವುದು ವರ್ಷದ ರೂಢಿಯಾಗಿದೆ. ಹೀಗಾಗಿ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ತಿಳಿಸುವ ಒಂದು ಮೊಬೈಲ್ ಆ್ಯಪನ್ನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಅದು ಹೇಳುವ ದೂರವನ್ನು ನಂಬಬಹುದು. ಸಮಯವನ್ನು ಮಾತ್ರ ತಿದ್ದಿಕೊಂಡು ಓದಬೇಕು.

ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 445 ಕಿ.ಮೀ., ಬೆಂಗಳೂರಿನಿಂದ ಹೀಥ್ರೂವಿಗೆ 8,040 ಕಿ.ಮೀ. ಆಸುಪಾಸು ಎಂದು ಅದು ತೋರಿಸುತ್ತದೆ. ಪರದೆಯ ನಕಾಶೆಯಲ್ಲಿ ಲಂಡನ್ನಿನ ಗೆರೆ ಉತ್ತರಕ್ಕೆ ಬಾಗಿರುವುದನ್ನು ಕಂಡು ಮೊದಲು ಲೆಕ್ಕವೇ ತಪ್ಪಿದೆ ಎಂದುಕೊಂಡಿದ್ದೆ. ಮನೆಯಲ್ಲಿದ್ದ ಹಳೆಯ ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಹಿಡಿದಾಗ ಅದೂ ಅದೇ ದಾರಿಯಲ್ಲಿ ಕೂತಿತು. 6,371 ಕಿ.ಮೀ. ಸರಾಸರಿ ತ್ರಿಜ್ಯದ ಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು ಚಪ್ಪಟೆ ಕಾಗದದ ಮೇಲಿಟ್ಟರೆ ಅದು ಬಾಗಿ ಕಾಣುತ್ತದೆ, ಅಷ್ಟೇ.

ಸಮಯದ ಲೆಕ್ಕದಲ್ಲಿ ಆ್ಯಪ್ ಎಡವುತ್ತದೆ. ಇಡೀ ದೂರವನ್ನು ಒಂದೇ ವೇಗದಿಂದ ಭಾಗಿಸಿ ಹೀಥ್ರೂವಿಗೆ ಒಂಬತ್ತೂವರೆ ತಾಸು ಎನ್ನುತ್ತದೆ. ನನ್ನ ಟಿಕೆಟ್‌ಗಳಲ್ಲಿ ಹತ್ತೂವರೆಗಿಂತ ಕಡಿಮೆ ಇದ್ದುದೇ ಇಲ್ಲ. ವಿಮಾನ ರನ್‌ವೇಗೆ ಸಾಗುವ, ಸರದಿಗೆ ಕಾಯುವ ಹೊತ್ತು ಟಿಕೆಟ್ಟಿನ ಸಮಯದಲ್ಲಿ ಸೇರಿರುತ್ತದೆ. ಮುಚ್ಚಿದ ವಾಯುಪ್ರದೇಶವನ್ನು ಸುತ್ತಿ ಹೋಗುವುದೂ ಉಂಟು: 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದ ಮರುದಿನವೂ ಆ್ಯಪ್‌ನ ಅಂಕಿ ಕದಲಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಗಾಳಿಯದು. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಹೆಚ್ಚು. ಆ್ಯಪ್‌ಗೆ ಮಾತ್ರ ಹೋಗುವುದೂ ಬರುವುದೂ ಒಂದೇ.

ಬೆಂಗಳೂರಿನವರೆಗಿನ ಚಿಕ್ಕ ಹಾರಾಟದಲ್ಲಿ ತಪ್ಪಿನ ಪ್ರಮಾಣ ಇನ್ನೂ ದೊಡ್ಡದು. ಆ್ಯಪ್ ಹೇಳುವುದು ಅರ್ಧ ತಾಸಿಗಿಂತ ತುಸು ಹೆಚ್ಚು. ಟಿಕೆಟ್ಟಿನಲ್ಲಿರುವುದು ಅದರ ಎರಡು ಪಟ್ಟು. ಮೊದಲ ವರ್ಷ ಅದನ್ನೇ ನಂಬಿ ಎರಡು ಬೇರೆ ಬೇರೆ ಟಿಕೆಟ್ ತೆಗೆಸಿದ್ದೆ. ಬೆಂಗಳೂರಿನಲ್ಲಿ ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಿಸಬೇಕೆಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಕುಂದಾ ಡಬ್ಬಿಗಳಿದ್ದ ಚೀಲವೇ ಬೆಲ್ಟಿನ ಮೇಲೆ ಕೊನೆಗೆ ಬಂದಿತು. ಕೌಂಟರ್ ಮುಚ್ಚುವ ಮುನ್ನ ತಲುಪಿದವರಲ್ಲಿ ನಾನೇ ಕಡೆಯವನು. ಆ ತಪ್ಪಿನಲ್ಲಿ ಆ್ಯಪ್‌ನ ಪಾಲಿಗಿಂತ ನನ್ನ ಪಾಲೇ ಹೆಚ್ಚು.

ಸ್ಥಳೀಯ ಗಡಿಯಾರದ ವ್ಯತ್ಯಾಸವನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ: ಲಂಡನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ತಾಸು, ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಹಿಂದಿರುವುದನ್ನು ತಾರೀಖು ನೋಡಿ ತಾನೇ ಬದಲಿಸಿಕೊಳ್ಳುತ್ತದೆ. ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಹೋಗುವ ಮತ್ತು ಬರುವ ಸಮಯವನ್ನು ಬೇರೆಬೇರೆಯಾಗಿ ತೋರಿಸಿದ ದಿನ ಇನ್ನೊಂದು ಸೇರಿಸುವೆ.